ಗೇಮ್ ಮಾಡುವವರ ಕೆಲಸ ಹೋದರೆ ಆಡುವ ನಮಗೇನು?

ನಿಮ್ಮ ಪ್ರಶ್ನೆ ಇದು: ಗೇಮ್ ಕಂಪನಿಗಳು ಸಾವಿರಗಟ್ಟಲೆ ಜನರನ್ನು ಕೆಲಸದಿಂದ ತೆಗೆಯುತ್ತಿವೆ, ಬರೀ ಆಡುವವನಾದ ನನಗೆ ಇದರಿಂದ ಏನಾದರೂ ಆಗುತ್ತಾ?

ಆಗುತ್ತದೆ. ಅದೂ ಮುಂದೆ ಯಾವಾಗಲೋ ಬರುವ ಗೇಮ್‌ಗಿಂತ, ನೀವು ಈಗಾಗಲೇ ದುಡ್ಡು ಕೊಟ್ಟು ತಗೊಂಡಿರುವ ಗೇಮ್‌ಗೆ ಮೊದಲು ಆಗುತ್ತದೆ.

ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಸಣ್ಣದೊಂದು ಗೇಮಿಂಗ್ ಅಂಗಡಿ ನಡೆಸುತ್ತೇನೆ. ಐದು ಪಿಸಿ, ಎರಡು ಪ್ಲೇಸ್ಟೇಷನ್. ಇಂಜಿನಿಯರಿಂಗ್ ಕಾಲೇಜಿನ ಹುಡುಗರೇ ಜಾಸ್ತಿ ಬರುತ್ತಾರೆ. ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಗೇಮ್ ಟೆಸ್ಟರ್ ಆಗಿದ್ದ. ಹೊರದೇಶದ ಸ್ಟುಡಿಯೋಗಳಿಗೆ ಕೆಲಸ ಮಾಡಿಕೊಡುವ ಆಫೀಸು ಅದು. ಒಂದು ದಿನ ಬೆಳಿಗ್ಗೆ ಲಾಗಿನ್ ಆಗಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಅವನ ಟೀಮ್‌ನಲ್ಲಿ ಯಾರಿಗೂ ಕೆಲಸ ಉಳಿದಿರಲಿಲ್ಲ. ದೀಪಾವಳಿಗೆ ಊರಿಗೆ ಬಂದವನು ನನ್ನ ಅಂಗಡಿಯಲ್ಲೇ ಕೂತು, ತಾನು ಟೆಸ್ಟ್ ಮಾಡಿದ್ದ ಕಾರ್ ರೇಸಿನ ಗೇಮ್ ಹಚ್ಚಿದ. ಒಂದು ತಿರುವಿನಲ್ಲಿ ಕಾರು ಸೀದಾ ಗೋಡೆಯೊಳಗೆ ಹೋಗಿ ಸಿಕ್ಕಿಕೊಂಡಿತು. "ಮಾಮಾ, ಇದನ್ನ ನಾನ ಬರದು ಕೊಟ್ಟಿದ್ದೆ. ಆ ಪಟ್ಟಿ ಇನ್ನೂ ಹಂಗ ಬಿದ್ದಿರತೈತಿ, ಓದಾಕ ಯಾರೂ ಇಲ್ಲ" ಅಂದ.

ತಪ್ಪು ಕಣ್ಣಿಗೆ ಬೀಳುವುದು ದೊಡ್ಡ ಮಾತಲ್ಲವಂತೆ. ಅದು ಯಾವಾಗ ಆಗುತ್ತದೆ ಅಂತ ಹಿಡಿಯುವುದೇ ಅವರ ಕೆಲಸ. ಅದೇ ಗೋಡೆಗೆ ದಿನವಿಡೀ ಕಾರು ಗುದ್ದಬೇಕು, ಯಾವ ವೇಗ, ಯಾವ ಕಾರು, ಮಳೆ ಇದ್ದಾಗಲೋ ಇಲ್ಲದಾಗಲೋ ಅಂತ ಒಂದೊಂದೇ ಬದಲಿಸಿ ನೋಡಬೇಕು. ಈ ತಿಳುವಳಿಕೆ ಅರ್ಧ ಫೈಲಿನಲ್ಲಿದ್ದರೆ ಇನ್ನರ್ಧ ಆ ಹುಡುಗರ ತಲೆಯಲ್ಲಿರುತ್ತದೆ. ಅವರನ್ನು ಕಳಿಸಿದರೆ ಆ ಅರ್ಧವೂ ಅವರ ಜೊತೆ ಹೋಯಿತು ಅಲ್ವಾ?

ಯಾಕೆ ಇಷ್ಟೊಂದು ಜನ ಅಂದರೆ, ಲಾಕ್‌ಡೌನ್ ಹೊತ್ತಲ್ಲಿ ಎಲ್ಲರೂ ಮನೆಯಲ್ಲಿದ್ದರು, ಗೇಮ್ ವ್ಯಾಪಾರ ಏರಿತು, ಸಾಲ ಅಗ್ಗಕ್ಕೆ ಸಿಗುತ್ತಿತ್ತು, ಕಂಪನಿಗಳು ಕಂಡಕಂಡಲ್ಲಿ ಜನರನ್ನು ತಗೊಂಡವು. 2022ರ ಹೊತ್ತಿಗೆ ಬಡ್ಡಿ ಏರಿತು, ಜನ ಹೊರಗೆ ಓಡಾಡತೊಡಗಿದರು, ಲೆಕ್ಕ ತಪ್ಪಿತು. 2023ರ ಸೆಪ್ಟೆಂಬರ್‌ನಲ್ಲಿ ಫೋರ್ಟ್‌ನೈಟ್ ಗೇಮ್ ಮಾಡುವ ಎಪಿಕ್ ಗೇಮ್ಸ್ ಸುಮಾರು 830 ಜನರನ್ನು ತೆಗೆಯಿತು. 2024ರ ಜನವರಿಯಲ್ಲಿ ಗೇಮ್ ಕಟ್ಟುವ ಸಾಫ್ಟ್‌ವೇರ್ ಮಾಡುವ ಯೂನಿಟಿ 1,800, ಫೆಬ್ರವರಿಯಲ್ಲಿ ಸೋನಿ 900. ಆದರೆ ಕೈಯಲ್ಲಿ ದುಡ್ಡಿಲ್ಲದೆಯೇ ತೆಗೆಯುತ್ತಾರೆ ಅಂತ ತಿಳಿಯಬೇಡಿ. ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಸುಮಾರು 6,900 ಕೋಟಿ ಡಾಲರ್ ಕೊಟ್ಟು ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನುವ ಗೇಮ್ ಕಂಪನಿಯನ್ನು ಕೊಂಡಿತು. ಮೂರೇ ತಿಂಗಳಲ್ಲಿ ಗೇಮಿಂಗ್ ವಿಭಾಗದ 1,900 ಜನರಿಗೆ ಕೆಲಸ ಇಲ್ಲ ಅಂದಿತು. ನನಗೆ ಇದು ಇವತ್ತಿಗೂ ಜೀರ್ಣವಾಗಿಲ್ಲ.

ಒಳ್ಳೆ ಗೇಮ್ ಮಾಡಿದರೆ ಕೆಲಸ ಉಳಿಯುತ್ತದೆ ಅನ್ನೋದೂ ಇಲ್ಲ. ಮೈಕ್ರೋಸಾಫ್ಟ್ ಕೈಯಲ್ಲಿದ್ದ ಜಪಾನಿನ ಸ್ಟುಡಿಯೋ ಟ್ಯಾಂಗೋ ಗೇಮ್‌ವರ್ಕ್ಸ್ 2023ರಲ್ಲಿ ಹೈ-ಫೈ ರಶ್ ಅನ್ನುವ ಗೇಮ್ ಬಿಟ್ಟಿತು, ಆಡಿದವರೆಲ್ಲ ಹೊಗಳಿದರು, ಪ್ರಶಸ್ತಿಗಳೂ ಬಂದವು. 2024ರ ಮೇ ತಿಂಗಳಲ್ಲಿ ಆ ಸ್ಟುಡಿಯೋ ಮುಚ್ಚುವುದಾಗಿ ಮೈಕ್ರೋಸಾಫ್ಟ್ ಹೇಳಿತು. ಆಮೇಲೆ ಅದನ್ನು ಉಳಿಸಿಕೊಂಡದ್ದು ಕ್ರಾಫ್ಟನ್, ನಮ್ಮ ಹುಡುಗರು ಫೋನಿನಲ್ಲಿ ಆಡುವ ಬಿಜಿಎಂಐ ನಡೆಸುವ ಕಂಪನಿಯೇ. ಅದೇ ಮೇ ತಿಂಗಳಲ್ಲಿ ರೆಡ್‌ಫಾಲ್ ಗೇಮ್ ಮಾಡಿದ, ಮೈಕ್ರೋಸಾಫ್ಟ್‌ನದೇ ಸ್ಟುಡಿಯೋ ಆರ್ಕೇನ್ ಆಸ್ಟಿನ್ ಕೂಡ ಮುಚ್ಚಿತು. ಆ ಗೇಮ್ ಚೆನ್ನಾಗಿರಲಿಲ್ಲ, ನಿಜ. ಆದರೆ ತಿಂಗಳ ಕೊನೆಗೆ ಅದಕ್ಕೊಂದು ಕೊನೆಯ ಅಪ್‌ಡೇಟ್ ಬಂತು. ಅದರಲ್ಲಿ ಇಂಟರ್ನೆಟ್ ಇಲ್ಲದೆಯೂ ಆಡುವ ವ್ಯವಸ್ಥೆ ಇತ್ತು. ಮುಚ್ಚುತ್ತಿರುವ ಸ್ಟುಡಿಯೋದಿಂದ ಕೊಂಡವರ ಕೈಗೆ ಆಡುವಂಥದ್ದೊಂದು ಉಳಿಯಿತಲ್ಲ, ಅದನ್ನು ಓದಿದ ದಿನ ನನಗೆ ಗಂಟಲು ಕಟ್ಟಿತ್ತು.

ಎಲ್ಲ ಕಡೆ ಹಾಗಾಗಲ್ಲ. ಸೋನಿಯ ಕಾಂಕಾರ್ಡ್ ಅನ್ನುವ ಆನ್‌ಲೈನ್ ಗೇಮ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಬಂದ್ ಆಯಿತು. ಸೋನಿ ದುಡ್ಡು ವಾಪಸ್ ಕೊಟ್ಟಿತು, ಅಕ್ಟೋಬರ್‌ನಲ್ಲಿ ಅದನ್ನು ಮಾಡಿದ ಸ್ಟುಡಿಯೋವನ್ನೇ ಮುಚ್ಚಿತು. ಇನ್ನು ಯೂಬಿಸಾಫ್ಟ್‌ನ ದ ಕ್ರ್ಯೂ. 2014ರ ಕಾರ್ ರೇಸಿನ ಗೇಮ್. ಸರ್ವರ್ (ಗೇಮ್ ನಡೆಸುವ ಕಂಪನಿಯ ಕಂಪ್ಯೂಟರ್) ಮತ್ತು ಲೈಸೆನ್ಸ್ ಕಾರಣ ಹೇಳಿ 2024ರ ಮಾರ್ಚ್ 31ಕ್ಕೆ ನಿಲ್ಲಿಸಿದರು. ಒಬ್ಬರೇ ಆಡುವ ಭಾಗಕ್ಕೂ ಸರ್ವರ್ ಬೇಕಿತ್ತು, ಹಾಗಾಗಿ ಗೇಮ್ ಪೂರ್ತಿ ಹೋಯಿತು. ಇಲ್ಲಿ ಕೆಲಸ ಕಡಿತ ನೇರ ಕಾರಣವಲ್ಲ. ಆದರೆ ಸರ್ವರ್ ನೋಡಿಕೊಳ್ಳಲು ಜನ ಬೇಕು, ಜನಕ್ಕೆ ಸಂಬಳ ಬೇಕು. ಜನ ಕಮ್ಮಿಯಾದಷ್ಟೂ ಹಳೆ ಗೇಮ್‌ಗಳ ಸರದಿ ಬೇಗ ಬರುತ್ತದೆ.

ನಮ್ಮ ಅಜ್ಜನ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಹಿನ್ನೀರಿಗೆ ಹೋಯಿತು, ನಾವು ನವನಗರಕ್ಕೆ ಬಂದೆವು. ಅವ್ವ ಈಗಲೂ ಆ ಓಣಿಯಲ್ಲಿ ಯಾರ ಮನೆ ಆದಮೇಲೆ ಯಾರ ಮನೆ ಅಂತ ಸಾಲಾಗಿ ಹೇಳುತ್ತಾಳೆ. ದ ಕ್ರ್ಯೂ ಆಡುತ್ತಿದ್ದ ನನ್ನ ಗಿರಾಕಿಯೊಬ್ಬ ಅದರೊಳಗಿನ ರಸ್ತೆಗಳನ್ನು ಹಾಗೇ ಹೇಳುತ್ತಿದ್ದ. ಎರಡೂ ಒಂದೇ ತೂಕದ ಕಷ್ಟ ಅಂತ ನಾನು ಹೇಳುತ್ತಿಲ್ಲ. ಆದರೆ ನಮಗೆ ಮುಳುಗಡೆ ಪರಿಹಾರ ಅಂತಲಾದರೂ ಬಂತು. ವರ್ಷಗಳ ಹಿಂದೆ ಆ ಗೇಮ್ ಕೊಂಡವರಿಗೆ ಅದೂ ಇಲ್ಲ. ಇದನ್ನು ಕೇಳಲೆಂದೇ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನುವ ಚಳವಳಿ ಶುರುವಾಯಿತು. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿದವು. ಸುಮ್ನೆ ಆಗಿದ್ದಲ್ಲ ಅದು.

ನಾನೇನು ಮಾಡುತ್ತೇನೆ ಅಂದರೆ, ಗೇಮ್ ಬಂದ ದಿನವೇ ಕೊಳ್ಳುವುದನ್ನು ಬಿಟ್ಟಿದ್ದೇನೆ. ಎರಡು ತಿಂಗಳು ಕಾಯುತ್ತೇನೆ. ಅಪ್‌ಡೇಟ್ ಬರುತ್ತಿದೆಯಾ, ಮಾಡಿದ ಸ್ಟುಡಿಯೋ ಇನ್ನೂ ಇದೆಯಾ ನೋಡುತ್ತೇನೆ. ಇಂಟರ್ನೆಟ್ ತೆಗೆದರೂ ನಡೆಯುವ ಗೇಮ್‌ಗೆ ಮೊದಲ ಆದ್ಯತೆ. ಬರೀ ಆನ್‌ಲೈನ್ ಗೇಮ್ ಆದರೆ ಸ್ಕಿನ್ (ಪಾತ್ರಕ್ಕೆ ಹಾಕುವ ವೇಷ), ಪಾಸ್ ಅಂತ ಗೇಮ್ ಒಳಗೆ ದೊಡ್ಡ ಮೊತ್ತ ಹಾಕಬೇಡಿ ಅಂತ ಹುಡುಗರಿಗೂ ಹೇಳುತ್ತೇನೆ. ಸಣ್ಣ ತಂಡಗಳ ಗೇಮ್ ಜಾಸ್ತಿ ಹಾಕಿಸುತ್ತಿದ್ದೇನೆ. ಬಲಾಟ್ರೋ ಒಬ್ಬನೇ ಮಾಡಿದ್ದು, ನಮ್ಮ ಹಳೇ ಪಿಸಿಯಲ್ಲೂ ನಡೆಯುತ್ತದೆ, ನೆಟ್ ಬೇಕಿಲ್ಲ.

ನೀವು ಯಾವ ಗೇಮ್ ಆಡುತ್ತೀರಿ ಅಂತ ಬರೆದಿಲ್ಲ. ಹೆಸರು ಹೇಳಿ, ಅದು ಸರ್ವರ್ ಇಲ್ಲದೆ ನಡೆಯುತ್ತದೋ ಇಲ್ಲವೋ ಅಂಗಡಿಯಲ್ಲಿ ನೆಟ್ ತೆಗೆದು ನೋಡಿ ಇಲ್ಲೇ ಬರೆಯುತ್ತೇನೆ.