ಮೂರನೇ ಕಿಕ್‌ಗೆ ಸ್ಟಾರ್ಟ್ ಆಯಿತೆಂದು ಘಟ್ಟ ಇಳಿಯಬೇಡಿ: ಹಳೆಯ ರೋಡ್‌ಕಿಂಗ್ ಕುರಿತ ಪ್ರಶ್ನೆಗಳಿಗೆ ಉತ್ತರ

ಯೆಜ್ಡಿ ರೋಡ್‌ಕಿಂಗ್ ಬೈಕುಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಉತ್ಪಾದನೆ ನಿಲ್ಲಿಸಿತು. ಅಂದಿನಿಂದ ರಸ್ತೆಯಲ್ಲಿ ಕಾಣುವ ರೋಡ್‌ಕಿಂಗ್‌ಗಳು ಕಡಿಮೆಯಾಗುತ್ತ ಬಂದಿವೆಯಾದರೂ ಅವುಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳು ಕಡಿಮೆಯಾಗಿಲ್ಲ. ಅವು ಹೊಸದಾಗಿಯೂ ಇಲ್ಲ. ಎಲ್ಲರೂ ಕೇಳುವುದು ಅದೇ ನಾಲ್ಕೈದು ಸಂಗತಿಗಳನ್ನು. ಉತ್ತರ ಕೊಟ್ಟ ಮೇಲೂ ಪಕ್ಕದ ಗ್ಯಾರೇಜಿನವರು ಹೇಳಿದ್ದನ್ನೇ ಮಾಡಿ, ಎಂಜಿನ್ ಕೆಡಿಸಿಕೊಂಡು ಮತ್ತೆ ಬರೆಯುತ್ತಾರೆ. ಆದ್ದರಿಂದ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರಿಸುತ್ತೇನೆ. ಉಳಿದವುಗಳಿಗೆ ಅವಕ್ಕೆ ತಕ್ಕಷ್ಟು ಜಾಗ.

ಪ್ರಶ್ನೆ: ನಮ್ಮ ತಂದೆಯವರ 1986ರ ಯೆಜ್ಡಿ ರೋಡ್‌ಕಿಂಗ್ 11 ವರ್ಷ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಿಂತಿತ್ತು. ಪ್ಲಗ್ ಬದಲಿಸಿ, ಕಾರ್ಬೊರೇಟರ್ ತೊಳೆದು, ಹೊಸ ಪೆಟ್ರೋಲ್ ಹಾಕಿದಾಗ ಮೂರನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಆದರೆ ಬಿಳಿ ಹೊಗೆ ನಿಲ್ಲುತ್ತಲೇ ಇಲ್ಲ, ಐಡ್ಲಿಂಗ್‌ನಲ್ಲಿ ಎಂಜಿನ್ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ, ಮೊನ್ನೆ ಸುಮಾರು 20 ಕಿ.ಮೀ. ಹೋದ ಮೇಲೆ ಏರಿನಲ್ಲಿ ಪಿಸ್ಟನ್ ಹಿಡಿದುಕೊಂಡಿತು. ತಣ್ಣಗಾದ ಮೇಲೆ ಮತ್ತೆ ಓಡಿತು. ಒಬ್ಬ ಮೆಕ್ಯಾನಿಕ್ ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಕೊರೆಸಿ) ಹೊಸ ಪಿಸ್ಟನ್ ಹಾಕೋಣ ಎನ್ನುತ್ತಾರೆ, ಇನ್ನೊಬ್ಬರು ಲೀಟರ್ ಪೆಟ್ರೋಲಿಗೆ 80 ಮಿ.ಲೀ. ಆಯಿಲ್ ಹಾಕಿದರೆ ಸಾಕು ಎನ್ನುತ್ತಾರೆ. ಡಿಸೆಂಬರಿನಲ್ಲಿ ಆಗುಂಬೆ ಮೂಲಕ ಕುಂದಾಪುರಕ್ಕೆ ಹೋಗಬೇಕೆಂದಿದ್ದೇವೆ. ಏನು ಮಾಡಲಿ? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಮೊದಲು ಗಾಡಿಯನ್ನು ಓಡಿಸುವುದು ನಿಲ್ಲಿಸಿ. ತಾವು ಹೇಳಿದ ಮೂರು ಲಕ್ಷಣಗಳನ್ನು ಇಬ್ಬರೂ ಮೆಕ್ಯಾನಿಕ್‌ಗಳು ಮೂರು ಬೇರೆ ಬೇರೆ ಕಾಯಿಲೆಗಳೆಂದು ನೋಡಿದ್ದಾರೆ ಅಥವಾ ನೋಡಿಯೇ ಇಲ್ಲ. ನನ್ನ ಅಂದಾಜಿನಲ್ಲಿ ಮೂರಕ್ಕೂ ಮೂಲ ಒಂದೇ: ಕ್ರ್ಯಾಂಕ್‌ನ (ಪಿಸ್ಟನ್ನಿನ ಏರಿಳಿತಕ್ಕೆ ತಿರುಗುವ ದಂಡದ) ಎರಡೂ ಬದಿಯ ಆಯಿಲ್ ಸೀಲ್‌ಗಳು, ಅಂದರೆ ಸೋರಿಕೆ ತಡೆಯುವ ರಬ್ಬರ್ ಬಳೆಗಳು, ಒಣಗಿವೆ.

ರೋಡ್‌ಕಿಂಗ್‌ನದು ಟು-ಸ್ಟ್ರೋಕ್ ಎಂಜಿನ್. ಅದರಲ್ಲಿ ಕ್ರ್ಯಾಂಕ್ ಕೇಸ್ ಎಂಬುದು ಕ್ರ್ಯಾಂಕ್ ಇಡುವ ಪೆಟ್ಟಿಗೆ ಮಾತ್ರವಲ್ಲ, ಅದೇ ಪಂಪು. ಪಿಸ್ಟನ್ ಮೇಲೇರಿದಾಗ ಕೆಳಗೆ ಉಂಟಾಗುವ ಸೆಳೆತದಿಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕಾರ್ಬೊರೇಟರಿನಿಂದ ಒಳಗೆ ಬರುತ್ತದೆ. ಪಿಸ್ಟನ್ ಇಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿನ ಗೋಡೆಯ ಪೋರ್ಟ್‌ಗಳೆಂಬ ಕಿಂಡಿಗಳ ಮೂಲಕ ಮೇಲಕ್ಕೆ ಹೋಗುತ್ತದೆ. ಸೈಕಲ್ ಪಂಪಿನ ವಾಷರ್ ಒಣಗಿದರೆ ಎಷ್ಟು ಒತ್ತಿದರೂ ಟ್ಯೂಬಿಗೆ ಗಾಳಿ ಹೋಗುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ, ಆದರೆ ಪರಿಣಾಮ ಅದಕ್ಕಿಂತ ದುಬಾರಿ. ಪಾಯಿಂಟ್ (ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್) ಇರುವ ಬದಿಯ ಸೀಲ್ ಸೋರಿದರೆ ಕಾರ್ಬೊರೇಟರಿಗೆ ಗೊತ್ತಿಲ್ಲದ ಗಾಳಿ ಒಳಗೆ ನುಗ್ಗುತ್ತದೆ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತಗ್ಗುತ್ತದೆ, ಎಂಜಿನ್ ಐಡ್ಲಿಂಗ್‌ನಲ್ಲಿ ತಾನಾಗಿ ಏರುತ್ತದೆ ಮತ್ತು ವಿಪರೀತ ಬಿಸಿಯಾಗುತ್ತದೆ. ಕ್ಲಚ್ ಬದಿಯ ಸೀಲ್ ಸೋರಿದರೆ ಅಲ್ಲಿರುವ ಗೇರ್ ಆಯಿಲ್ ಅದೇ ಸೆಳೆತಕ್ಕೆ ಒಳಗೆ ಹೋಗಿ ಉರಿಯುತ್ತದೆ. ತಮ್ಮ ಬಿಳಿ ಹೊಗೆ ಅದು. ಗೇರ್ ಆಯಿಲ್ ಮಟ್ಟ ನೋಡಿ. ಹೊರಗೆ ಒಂದು ಹನಿಯೂ ಸೋರದೆ ಅದು ಕಡಿಮೆಯಾಗಿದ್ದರೆ ಅಥವಾ ಆ ಆಯಿಲ್‌ಗೆ ಪೆಟ್ರೋಲಿನ ವಾಸನೆ ಬರುತ್ತಿದ್ದರೆ ನನ್ನ ಅಂದಾಜು ಸರಿ.

ಇದು ಗೊತ್ತಾದ ಮೇಲೆ ಬೋರ್ ಮಾಡಿಸುವ ಸಲಹೆಗೆ ಬರೋಣ. ಪಿಸ್ಟನ್ ಹಿಡಿದುಕೊಂಡಿದ್ದರಿಂದ ಸಿಲಿಂಡರಿನ ಗೋಡೆಯಲ್ಲಿ ಗೀರು ಬಿದ್ದಿರಬಹುದು, ಬೋರ್ ಬೇಕಾಗಲೂಬಹುದು. ಆದರೆ ಸೀಲ್ ಹಳೆಯದನ್ನೇ ಬಿಟ್ಟು ಬೋರ್ ಮಾಡಿಸಿದರೆ ಹಿಡಿದುಕೊಳ್ಳಲು ಎಂಜಿನ್ನಿಗೆ ಒಂದು ಹೊಸ ಪಿಸ್ಟನ್ ತಂದುಕೊಟ್ಟಂತಾಗುತ್ತದೆ, ಅಷ್ಟೇ. ಎಂಜಿನ್ನಿನ ಮೇಲಿನ ಅರ್ಧ ಬಿಚ್ಚುವುದು ಒಂದು ಮಧ್ಯಾಹ್ನದ ಕೆಲಸ, ಸೀಲ್‌ಗಳಿರುವ ಕೆಳಗಿನ ಅರ್ಧ ಬಿಚ್ಚಲು ಎಂಜಿನ್ ಚಾಸಿಯಿಂದ ಇಳಿಯಬೇಕು; ಗ್ಯಾರೇಜುಗಳು ಬೋರ್‌ ಕಡೆಗೇ ಕೈ ತೋರಿಸುವುದು ಇದೇ ಕಾರಣಕ್ಕೆ.

80 ಮಿ.ಲೀ. ಆಯಿಲ್ ಹಾಕಿ ಎಂದವರ ಮಾತನ್ನು ಇನ್ನು ಮುಂದೆ ಯಾವ ವಿಷಯದಲ್ಲೂ ಕೇಳಬೇಡಿ. ಕಾರ್ಬೊರೇಟರಿನ ಜೆಟ್ ಎಂಬ ಸಣ್ಣ ರಂಧ್ರದಿಂದ ಹಾದುಹೋಗುವ ದ್ರವದ ಪ್ರಮಾಣಕ್ಕೆ ಮಿತಿಯಿದೆ. ಅದರಲ್ಲಿ ಆಯಿಲ್‌ನ ಪಾಲು ಹೆಚ್ಚಾದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಅಂದರೆ ಈಗಾಗಲೇ ಪೆಟ್ರೋಲ್ ಸಾಲದೆ ಬಿಸಿಯಾಗುತ್ತಿರುವ ಎಂಜಿನ್ನಿಗೆ ಇನ್ನಷ್ಟು ಕಡಿಮೆ ಪೆಟ್ರೋಲ್ ಸಿಗುತ್ತದೆ. ಜೊತೆಗೆ ಎರಡೂ ಸೈಲೆನ್ಸರ್‌ಗಳಲ್ಲಿ ಮಸಿ ಕಟ್ಟುತ್ತದೆ. ಹಳೆಯ ದಿನಗಳಲ್ಲಿ ಸಾಮಾನ್ಯ ಎಂಜಿನ್ ಆಯಿಲ್ ಬೆರೆಸುತ್ತಿದ್ದಾಗ ಹೆಚ್ಚು ಬೇಕಾಗುತ್ತಿತ್ತು. ಈಗಿನ ಟು-ಟಿ ಆಯಿಲ್, ಡಬ್ಬಿಯ ಮೇಲೆ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂದು ಬರೆದಿರುವುದು, ಹೊಸ ಬೋರ್‌ನ ಮೊದಲ 1000 ಕಿ.ಮೀ.ಗೆ ಲೀಟರಿಗೆ 40 ಮಿ.ಲೀ., ಆಮೇಲೆ 30 ಮಿ.ಲೀ. ಸಾಕು. ಟ್ಯಾಂಕಿಗೆ ನೇರವಾಗಿ ಸುರಿದು ಗಾಡಿ ಅಲುಗಾಡಿಸುವುದು ಬೆರೆಸುವುದಲ್ಲ. ಬೇರೆ ಕ್ಯಾನಿನಲ್ಲಿ ಕಲಸಿ ಹಾಕಿ.

ಎಂಜಿನ್ ಬಿಚ್ಚುವ ಮುನ್ನ ಸೋರಿಕೆಯನ್ನು ಕಣ್ಣಾರೆ ನೋಡಬೇಕಾದರೆ ಅದಕ್ಕೂ ದಾರಿಯಿದೆ. ಕಾರ್ಬೊರೇಟರ್ ಮತ್ತು ಎರಡೂ ಸೈಲೆನ್ಸರ್ ಬಿಚ್ಚಿ, ಆ ಮೂರು ಬಾಯಿಗಳನ್ನು ರಬ್ಬರ್ ಮತ್ತು ತಗಡಿನ ಬಿಲ್ಲೆಯಿಂದ ಮುಚ್ಚಿ, ಕಾರ್ಬೊರೇಟರ್ ಇದ್ದ ಬದಿಯ ಬಿಲ್ಲೆಗೆ ಒಂದು ಸಣ್ಣ ನಳಿಕೆ ಕೂಡಿಸಿ, ಪಿಸ್ಟನ್ ಮೇಲಿರುವಾಗ 5 ಪಿಎಸ್‌ಐ ಆಸುಪಾಸಿನ ಒತ್ತಡ ಕೊಡಿ. ಸರ್ವಿಸ್ ಸ್ಟೇಷನ್ನಿನ ಕಂಪ್ರೆಸರ್ ಹತ್ತಿರವೂ ಹೋಗಬೇಡಿ, ಒಳ್ಳೆಯ ಸೀಲ್ ಕೂಡ ಕಿತ್ತುಹೋಗುತ್ತದೆ. ರಕ್ತದೊತ್ತಡ ನೋಡುವ ಹಳೆಯ ಕೈಪಂಪಿನ ಉಪಕರಣ ಮನೆಯಲ್ಲಿದ್ದರೆ ಅದೇ ಸರಿಯಾದ ಸಾಧನ: ಅದರ ಮುಳ್ಳು 250ಕ್ಕೆ ಬಂದರೆ ಹೆಚ್ಚುಕಡಿಮೆ 5 ಪಿಎಸ್‌ಐ ಆಗುತ್ತದೆ. ಐದು ನಿಮಿಷ ಆ ಒತ್ತಡ ನಿಂತರೆ ಸೀಲ್ ಚೆನ್ನಾಗಿದೆ, ನನ್ನ ಮಾತು ತಪ್ಪು. ಮುಳ್ಳು ಕಣ್ಣೆದುರೇ ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಸಿಲಿಂಡರಿನ ಕೆಳಗಿನ ಗ್ಯಾಸ್ಕೆಟ್, ಕ್ರ್ಯಾಂಕ್ ಕೇಸಿನ ನಡುವಿನ ಜೋಡಣೆ, ಪಾಯಿಂಟ್ ಬದಿಯ ಸೀಲ್, ಇವುಗಳಲ್ಲಿ ಒಂದು ಖಂಡಿತ ಸಿಗುತ್ತದೆ. ಕ್ಲಚ್ ಬದಿಯ ಸೋರಿಕೆ ಹೊರಗೆ ಕಾಣುವುದಿಲ್ಲ, ಗೇರ್ ಆಯಿಲ್ ತುಂಬುವ ರಂಧ್ರದಿಂದ ಗಾಳಿ ಬರುತ್ತದೆಯೇ ಎಂದು ನೋಡಬೇಕು.

ಎಂಜಿನ್ ಬಿಚ್ಚಿದ ಮೇಲೆ ಸೀಲ್ ಬದಲಿಸಿ ಮುಚ್ಚಿಬಿಡಬೇಡಿ. ಮಲೆನಾಡಿನಲ್ಲಿ 11 ಮಳೆಗಾಲ ನಿಂತ ಎಂಜಿನ್ನಿನ ಕ್ರ್ಯಾಂಕ್ ಬೇರಿಂಗ್‌ಗಳ ಬಗ್ಗೆ ನನಗೆ ನಂಬಿಕೆಯಿಲ್ಲ. ಫೋರ್-ಸ್ಟ್ರೋಕ್ ಎಂಜಿನ್ನಿನಂತೆ ಇಲ್ಲಿ ಕೆಳಗೆ ಎಣ್ಣೆ ನಿಂತಿರುವುದಿಲ್ಲ. ಪೆಟ್ರೋಲಿನ ಜೊತೆ ಬಂದ ತೆಳುವಾದ ಪದರ ಮಾತ್ರ ಇರುತ್ತದೆ, ಅದು ಇಳಿದುಹೋದ ಮೇಲೆ ತೇವಕ್ಕೆ ಉಕ್ಕಿನ ರೋಲರ್‌ಗಳಲ್ಲಿ ತುಕ್ಕಿನ ಚುಕ್ಕೆ ಹಿಡಿಯುತ್ತದೆ. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿ. ಆ ದಿಕ್ಕಿನಲ್ಲಿ ಸ್ವಲ್ಪವಾದರೂ ಸಡಿಲವಿದ್ದರೆ ಕ್ರ್ಯಾಂಕ್ ಪಿನ್, ರೋಲರ್ ಎಲ್ಲ ಹೊಸದಾಗಬೇಕು (ಪಕ್ಕಕ್ಕೆ ಅಲುಗಾಡುವುದು ಸಹಜ, ಅದಕ್ಕೆ ಹೆದರಬೇಕಿಲ್ಲ). ಈ ಕ್ರ್ಯಾಂಕ್ ಒತ್ತಿ ಕೂಡಿಸಿದ್ದು. ಅದನ್ನು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಬಿಚ್ಚಿ ಜೋಡಿಸಿ, ಡಯಲ್ ಗೇಜ್ ಇಟ್ಟು ನೇರ ಮಾಡಬೇಕು. ಸುತ್ತಿಗೆಯಿಂದ ಹೊಡೆದು ಕಣ್ಣಳತೆಯಲ್ಲಿ ನೇರ ಮಾಡುತ್ತೇನೆನ್ನುವವರ ಅಂಗಡಿಯಿಂದ ಕ್ರ್ಯಾಂಕನ್ನು ಎತ್ತಿಕೊಂಡು ಹೊರಗೆ ಬನ್ನಿ. ಹೊಸ ಸೀಲ್ ಕೊಳ್ಳುವಾಗ ವೈಟಾನ್ ರಬ್ಬರಿನದನ್ನು ಕೇಳಿ. ಶಾಖಕ್ಕೂ ಈಗಿನ ಪೆಟ್ರೋಲಿಗೂ ಅದು ತಡೆಯುತ್ತದೆ. ಹೊಸ ರಿಂಗ್ ಕೂಡಿಸುವಾಗ ಅದರ ಎರಡು ತುದಿಗಳು ಪಿಸ್ಟನ್ನಿನ ತೋಡಿನಲ್ಲಿರುವ ಸಣ್ಣ ಪಿನ್ನಿನ ಎರಡು ಬದಿಗೆ ಬರಲೇಬೇಕು. ಇಲ್ಲವಾದರೆ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ.

ಈಗಿನ ಪೆಟ್ರೋಲ್ ಎಂದೆ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಹೆಚ್ಚಿನ ಬಂಕ್‌ಗಳಲ್ಲಿ ಸಿಗುವುದು ಅದೇ. ತಮ್ಮ ತಂದೆಯವರು ಗಾಡಿ ನಿಲ್ಲಿಸಿದಾಗಿನ ಪೆಟ್ರೋಲ್ ಇದಲ್ಲ. ಎಥೆನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು, ಆದ್ದರಿಂದ ಹಳೆಯ ಜೆಟ್‌ನಲ್ಲೇ ಓಡಿಸಿದರೆ ಇಂಧನ ಸ್ವಲ್ಪ ಕಡಿಮೆ ಬಿದ್ದಂತಾಗುತ್ತದೆ. ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ, ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಓಡಿಸಿ, ಅಲ್ಲೇ ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ: ಕಾಫಿ ಕಂದು ಬಣ್ಣವಿದ್ದರೆ ಸರಿ, ಬಿಳುಪಾಗಿದ್ದರೆ ಇನ್ನೊಂದು ಅಳತೆ ಏರಿಸಿ. ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆ ದ್ರವದಲ್ಲಿ ಟು-ಟಿ ಆಯಿಲ್ ಬೆರೆಯುವುದಿಲ್ಲ, ಮತ್ತು ಪೆಟ್ರೋಲ್ ಕಾಕ್ ಮೊದಲು ಎಳೆದುಕೊಳ್ಳುವುದು ತಳದಲ್ಲಿರುವುದನ್ನೇ. ಹಾಗಾಗಿ ತಿಂಗಳಿಗಿಂತ ಹೆಚ್ಚು ಗಾಡಿ ನಿಲ್ಲುವುದಾದರೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಖಾಲಿ ಮಾಡಿ. ಪೆಟ್ರೋಲ್ ಪೈಪ್, ಕಾಕ್‌ನ ವಾಷರ್ ಮೊದಲಾದ ಹಳೆಯ ರಬ್ಬರ್ ಎಲ್ಲವನ್ನೂ ಎಸೆಯಿರಿ, ನೋಡಲು ಚೆನ್ನಾಗಿದ್ದರೂ ಎಸೆಯಿರಿ. ಟೈರುಗಳಿಗೂ ಇದೇ ಮಾತು.

ಕೊನೆಗೆ ಆಗುಂಬೆ. ಘಟ್ಟ ಹತ್ತುವಾಗ ಏನಾದೀತೋ ಎಂದು ಎಲ್ಲರೂ ಚಿಂತಿಸುತ್ತಾರೆ, ನನಗೆ ಭಯ ಇಳಿಯುವಾಗಿನದು. ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆ ಮಾತ್ರ. ಗೇರ್‌ನಲ್ಲಿಟ್ಟು ಥ್ರಾಟಲ್ ಪೂರ್ತಿ ಮುಚ್ಚಿ ಇಳಿಜಾರಿನಲ್ಲಿ ಬಿಟ್ಟರೆ ಪಿಸ್ಟನ್ ವೇಗವಾಗಿ ಓಡುತ್ತಿರುತ್ತದೆ, ಪೆಟ್ರೋಲ್ ಬರುತ್ತಿರುವುದಿಲ್ಲ, ಆದ್ದರಿಂದ ಎಣ್ಣೆಯೂ ಇಲ್ಲ. ಪ್ರತಿ ತಿರುವಿಗೂ ಮುನ್ನ ಕ್ಲಚ್ ಹಿಡಿದು ಒಂದೆರಡು ಸಲ ಥ್ರಾಟಲ್ ಕೊಡಿ. ಕ್ಲಚ್ ಲಿವರಿನ ಮೇಲೆ ಸದಾ ಎರಡು ಬೆರಳಿರಲಿ. ಎಂಜಿನ್ ಹಿಡಿದುಕೊಂಡ ಕ್ಷಣ ಕ್ಲಚ್ ಒತ್ತದಿದ್ದರೆ ಹಿಂದಿನ ಚಕ್ರವೂ ನಿಲ್ಲುತ್ತದೆ, ತಿರುವಿನಲ್ಲಿ ಅದು ಆಗಬಾರದು. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಯುವವರ ಸಾಹಸಗಳನ್ನು ನನಗೆ ಬರೆದು ಕಳುಹಿಸಬೇಡಿ. ಡ್ರಮ್ ಬ್ರೇಕ್ ಮಾತ್ರವಿರುವ ಗಾಡಿಯಲ್ಲಿ, ಹೊಳಪು ಹಿಡಿದ ಹಳೆಯ ಲೈನರ್‌ಗಳನ್ನು ನಂಬಿ, 14 ತಿರುವುಗಳನ್ನು ಹಾಗೆ ಇಳಿಯುವುದು ಧೈರ್ಯವಲ್ಲ. ನನ್ನನ್ನು ಕೇಳಿದರೆ, ಎಂಜಿನ್ ಕೂಡಿಸಿದ ಮೇಲೆ 1000 ಕಿ.ಮೀ. ಶಿವಮೊಗ್ಗ, ಭದ್ರಾವತಿ ಕಡೆಯ ಸಮತಟ್ಟಾದ ರಸ್ತೆಗಳಲ್ಲಿ ವೇಗ ಬದಲಿಸುತ್ತ ಓಡಿಸಿ, ಘಟ್ಟವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಅತಿ ಜಾಗ್ರತೆ ಎನಿಸಿದರೆ ಎನಿಸಲಿ.

ಪ್ರಶ್ನೆ: 15 ವರ್ಷ ದಾಟಿದ ಗಾಡಿಯನ್ನು ಸರ್ಕಾರ ಗುಜರಿಗೆ ಹಾಕುತ್ತದಂತೆ, ನಿಜವೇ? ವಿಂಟೇಜ್ ನೋಂದಣಿ ಮಾಡಿಸಿದರೆ ತಪ್ಪಿಸಿಕೊಳ್ಳಬಹುದೇ?

ಉತ್ತರ: ಕರ್ನಾಟಕದಲ್ಲಿ ಖಾಸಗಿ ಬೈಕಿನ ನೋಂದಣಿಯನ್ನು 15 ವರ್ಷಗಳ ನಂತರ, ತಪಾಸಣೆಯಲ್ಲಿ ಪಾಸಾದರೆ, ಐದೈದು ವರ್ಷಕ್ಕೆ ನವೀಕರಿಸಬಹುದು, ಫಾರಂ 25 ತುಂಬಿ ಆರ್‌ಟಿಒ ಕಚೇರಿಗೆ ಗಾಡಿ ಒಯ್ಯಬೇಕು. ತಡ ಮಾಡಿದಷ್ಟೂ ದಂಡ ಬೆಳೆಯುತ್ತದೆ. 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ವಾಹನಗಳಿಗೆ. ರೋಡ್‌ಕಿಂಗ್ ಮಾರುಕಟ್ಟೆಗೆ ಬಂದದ್ದೇ 1978ರಲ್ಲಿ, ಆದ್ದರಿಂದ 2028ಕ್ಕೆ ಮುನ್ನ ಯಾವ ರೋಡ್‌ಕಿಂಗ್‌ಗೂ ಅದು ಅನ್ವಯಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ನೋಂದಣಿ ಪಡೆದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ ಮುಂತಾದವುಗಳಿಗೆ ಬಿಟ್ಟು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರವಾಸ ಹೋಗಬೇಕೆನ್ನುವವರು ಅದನ್ನು ಏಕೆ ಬಯಸುತ್ತಾರೋ ನನಗೆ ಅರ್ಥವಾಗಿಲ್ಲ. ಮಾರುಕಟ್ಟೆಯಲ್ಲಿ ಹಳೆಯ ಗಾಡಿ ಕೊಳ್ಳುವವರು ಒಂದು ಮಾತು ನೆನಪಿಡಿ: ಚಾಸಿ ಮತ್ತು ಎಂಜಿನ್ ನಂಬರ್‌ಗಳನ್ನು ಆರ್‌ಸಿಯ ಜೊತೆ ತಾವೇ ಹೋಲಿಸಿ ನೋಡದೆ ಮುಂಗಡ ಕೊಡಬೇಡಿ.

ಪ್ರಶ್ನೆ: ಟ್ಯಾಂಕಿನ ತುಕ್ಕು ತೆಗೆಯಲು ಟಾಯ್ಲೆಟ್ ಆಸಿಡ್ ಹಾಕಬಹುದೇ?

ಉತ್ತರ: ತುಕ್ಕೂ ಹೋಗುತ್ತದೆ, ಟ್ಯಾಂಕೂ ಹೋಗುತ್ತದೆ. ಸಿಟ್ರಿಕ್ ಆಸಿಡ್ ಅಥವಾ ಹುಣಸೆಹುಳಿಯ ನೀರು ತುಂಬಿ ಒಂದೆರಡು ದಿನ ಬಿಡಿ, ಆಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ತಕ್ಷಣವೇ ಒಳಗೆಲ್ಲ ಟು-ಟಿ ಆಯಿಲ್ ಸವರಿ.

ಪ್ರಶ್ನೆ: ಸೈಲೆನ್ಸರ್ ಒಳಗಿನ ಬ್ಯಾಫಲ್ (ಶಬ್ದ ತಗ್ಗಿಸುವ ಕೊಳವೆ) ತೆಗೆದರೆ ಪಿಕಪ್ ಹೆಚ್ಚುತ್ತದೆ ಎನ್ನುತ್ತಾರೆ.

ಉತ್ತರ: ಹೆಚ್ಚುವುದು ಶಬ್ದ. ಟು-ಸ್ಟ್ರೋಕ್‌ನಲ್ಲಿ ಸೈಲೆನ್ಸರಿನಿಂದ ಮರಳುವ ಒತ್ತಡವೂ ಎಂಜಿನ್ನಿನ ಲೆಕ್ಕದಲ್ಲಿದೆ. ಬ್ಯಾಫಲ್ ತೆಗೆಯಿರಿ, ಮಸಿ ಕೆರೆದು ಶುಚಿ ಮಾಡಿ, ವಾಪಸ್ ಹಾಕಿ.

ಪ್ರಶ್ನೆ: ಮೈಲೇಜಿಗೆ ಸೀಮೆಎಣ್ಣೆ ಬೆರೆಸಬಹುದೇ?

ಉತ್ತರ: ಇಲ್ಲ.

ಪ್ರಶ್ನೆ: ನನ್ನ ಗಾಡಿಯ ಶಬ್ದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳುಹಿಸಿದರೆ ದೋಷ ಹೇಳುವಿರಾ?

ಉತ್ತರ: ಹೇಳುವುದಿಲ್ಲ, ಯಾರೂ ಹೇಳಲಾರರು. ಹೇಳುತ್ತೇನೆನ್ನುವವರು ತಮ್ಮ ಹಣಕ್ಕೆ ಕಾಯುತ್ತಿದ್ದಾರೆ. ಬರೆಯುವುದಾದರೆ ಇಷ್ಟು ನೋಡಿ ಬರೆಯಿರಿ: ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ ನಿಲ್ಲಿಸಿದ ತಕ್ಷಣದ ಪ್ಲಗ್‌ನ ಬಣ್ಣ, ಗೇರ್ ಆಯಿಲ್‌ನ ಮಟ್ಟ ಮತ್ತು ವಾಸನೆ, ಪಾಯಿಂಟ್ ಪೂರ್ತಿ ತೆರೆದಾಗಿನ ಅಂತರ (ಅದು 0.4 ಮಿ.ಮೀ. ಆಸುಪಾಸಿನಲ್ಲಿರಬೇಕು), ಹಾಗೂ ಎಂಜಿನ್ನನ್ನು ಕೊನೆಯ ಸಲ ಯಾರು, ಎಲ್ಲಿಯವರೆಗೆ ಬಿಚ್ಚಿದ್ದರು ಎಂಬುದು.