ರೆಕಾರ್ಡಿಂಗ್‌ನಲ್ಲಿ ‘ಟಿಕ್’ ಸದ್ದು ಏಕೆ?

ಪ್ರಶ್ನೆ: ಯಕ್ಷಗಾನದ ರೆಕಾರ್ಡಿಂಗ್‌ಗೆ ಮೈಕ್ ಇನ್‌ಪುಟ್ ಸಾಲದೆ, ಇಂಟರ್ಫೇಸ್‌ಗೆ (ಧ್ವನಿಯನ್ನು ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ) ಎಂಟು ಚಾನೆಲ್‌ನ ಪ್ರೀಆಂಪ್ (ಮೈಕ್‌ನ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ) ಒಂದನ್ನು ಎಡ್ಯಾಟ್ (ಒಂದೇ ಕೇಬಲ್‌ನಲ್ಲಿ ಎಂಟು ಚಾನೆಲ್ ಒಯ್ಯುವ ಡಿಜಿಟಲ್ ಜೋಡಣೆ) ಆಪ್ಟಿಕಲ್ ಕೇಬಲ್‌ನಲ್ಲಿ ಸೇರಿಸಿದ್ದೇವೆ. ಆ ಎಂಟರಲ್ಲಿ ಮಾತ್ರ ಎರಡು ಮೂರು ಸೆಕೆಂಡಿಗೊಮ್ಮೆ ‘ಟಿಕ್’ ಎನ್ನುತ್ತದೆ. ಕೇಬಲ್ ಬದಲಿಸಿದರೂ ಹೋಗಲಿಲ್ಲ.
– ಓದುಗರು, ಸಾಗರ

ಉತ್ತರ: ಎರಡೂ ಪೆಟ್ಟಿಗೆಗಳು ತಂತಮ್ಮ ಒಳಗಿನ ಕ್ಲಾಕ್ (ಧ್ವನಿಯ ಸ್ಯಾಂಪಲ್, ಅಂದರೆ ಒಂದೊಂದು ಅಳತೆ, ಯಾವಾಗ ತೆಗೆಯಬೇಕೆಂದು ಹೇಳುವ ಗಡಿಯಾರ) ನಂಬಿಕೊಂಡು ಓಡುತ್ತಿರಬೇಕು. ಎರಡರಲ್ಲೂ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸ್ಯಾಂಪಲ್) ಎಂದೇ ಇಟ್ಟಿದ್ದರೂ ಕ್ಲಾಕ್ ನಡೆಸುವ ಎರಡು ಕ್ರಿಸ್ಟಲ್‌ಗಳ ವೇಗ ಕೂದಲೆಳೆಯಷ್ಟಾದರೂ ಬೇರೆ ಇರುತ್ತದೆ. ಹತ್ತು ಲಕ್ಷಕ್ಕೆ 10ರಷ್ಟು ವ್ಯತ್ಯಾಸ ಇದ್ದರೂ ಸಾಕು, ಸುಮಾರು ಎರಡು ಸೆಕೆಂಡಿಗೊಂದು ಸ್ಯಾಂಪಲ್ ಕಳೆದುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ನಿಮಗೆ ಕೇಳಿಸುತ್ತಿರುವುದು ಅದೇ.

ಪ್ರೀಆಂಪ್‌ನ ಕ್ಲಾಕ್ ‘ಇಂಟರ್ನಲ್’ನಲ್ಲೇ ಇರಲಿ, ಅದರ ಸ್ವಿಚ್ 48ಕ್ಕೆ ಇರಲಿ. ಇಂಟರ್ಫೇಸ್‌ನ ಸಾಫ್ಟ್‌ವೇರ್ ತೆರೆದು ಕ್ಲಾಕ್ ಸೋರ್ಸ್ ಅನ್ನು ‘ಎಡ್ಯಾಟ್’ ಮಾಡಿ. ರೆಕಾರ್ಡ್ ಮಾಡುವ ಪ್ರಾಜೆಕ್ಟ್ ಕೂಡ 48ರಲ್ಲೇ ಇರಬೇಕು. ಕೆಲವು ಇಂಟರ್ಫೇಸ್‌ಗಳು ‘ಲಾಕ್’, ‘ಸಿಂಕ್’ ಎಂದು ಬೇರೆ ಬೇರೆ ತೋರಿಸುತ್ತವೆ. ಲಾಕ್ ಎಂದರೆ ಸಿಗ್ನಲ್ ಬರುತ್ತಿದೆ ಎಂದಷ್ಟೇ. ಸಿಂಕ್ ಬರುವವರೆಗೂ ರೆಕಾರ್ಡಿಂಗ್ ಶುರು ಮಾಡಬೇಡಿ. ಪರೀಕ್ಷೆಗೆ ಚೆಂಡೆ ಬೇಡ, ಅದರ ಅಬ್ಬರದಲ್ಲಿ ಟಿಕ್ ಮುಚ್ಚಿಹೋಗುತ್ತದೆ. ಶ್ರುತಿಪೆಟ್ಟಿಗೆಯನ್ನು ಹತ್ತು ನಿಮಿಷ ರೆಕಾರ್ಡ್ ಮಾಡಿ, ಹೆಡ್‌ಫೋನ್‌ನಲ್ಲಿ ಕೇಳಿ.

ಆದರೆ ಮಲೆನಾಡಿನ ಮಳೆಗಾಲಕ್ಕೆ ಈ ಜೋಡಣೆ ನಮಗೆ ಅಷ್ಟು ಒಪ್ಪಿಗೆಯಿಲ್ಲ. ಕರೆಂಟ್ ಹೋಗಿ ಪ್ರೀಆಂಪ್ ಆರಿದರೆ ಇಂಟರ್ಫೇಸ್‌ಗೂ ಕ್ಲಾಕ್ ತಪ್ಪುತ್ತದೆ; ಚೆನ್ನಾಗಿದ್ದ ಉಳಿದ ಚಾನೆಲ್‌ಗಳೂ ಕೆಡಬಹುದು. ಆದ್ದರಿಂದ ಯುಪಿಎಸ್ ಮೇಲಿರುವ ಪೆಟ್ಟಿಗೆಯೇ ಮಾಸ್ಟರ್ (ತನ್ನ ಕ್ಲಾಕ್ ಅನ್ನು ಇನ್ನೊಂದಕ್ಕೆ ಕೊಡುವುದು) ಆಗಲಿ. ಅದು ಇಂಟರ್ಫೇಸ್ ಆದರೆ, ಅದರ ಎಡ್ಯಾಟ್ ಔಟ್‌ನಿಂದ ಪ್ರೀಆಂಪ್‌ನ ಎಡ್ಯಾಟ್ ಇನ್‌ಗೆ ಎರಡನೇ ಕೇಬಲ್ ಬೇಕು, ಏಕೆಂದರೆ ಒಂದು ಆಪ್ಟಿಕಲ್ ಕೇಬಲ್‌ನಲ್ಲಿ ಸಿಗ್ನಲ್ ಒಂದೇ ದಿಕ್ಕಿಗೆ ಹೋಗುತ್ತದೆ. ಪ್ರೀಆಂಪ್‌ನಲ್ಲಿ ಆ ಸಾಕೆಟ್ ಇಲ್ಲದೆ ವರ್ಡ್ ಕ್ಲಾಕ್ (ಕ್ಲಾಕ್ ಸಿಗ್ನಲ್ ಮಾತ್ರ ಸಾಗಿಸುವ ಸಾಕೆಟ್) ಇದ್ದರೆ ಬಿಎನ್‌ಸಿ ಕೇಬಲ್ ಬಳಸಿ. ಅದು 75 ಓಮ್‌ನದ್ದೇ ಆಗಿರಲಿ. 50 ಓಮ್‌ನದ್ದೂ ನೋಡಲು ಹಾಗೆಯೇ ಇರುತ್ತದೆ. ಕೇಬಲ್ ಮೇಲೆ ಆರ್‌ಜಿ-59 ಎಂದಿದ್ದರೆ ಸರಿ, ಆರ್‌ಜಿ-58 ಎಂದಿದ್ದರೆ ಬೇಡ. 75 ಓಮ್ ಟರ್ಮಿನೇಷನ್ (ಸಿಗ್ನಲ್ ಹಿಂದಕ್ಕೆ ಚಿಮ್ಮದಂತೆ ತಡೆಯುವ ರೆಸಿಸ್ಟರ್) ಸಾಲಿನ ಕೊನೆಯ ಪೆಟ್ಟಿಗೆಯಲ್ಲಿ ಮಾತ್ರ ಇರಲಿ.

ಪ್ರಶ್ನೆ: ರಾತ್ರಿಯಿಡೀ ಆಟ. ಧ್ವನಿ ರೆಕಾರ್ಡರ್‌ನಲ್ಲಿ, ಚಿತ್ರ ಕ್ಯಾಮೆರಾದಲ್ಲಿ. ಶುರುವಿನಲ್ಲಿ ಸರಿಯಾಗಿ ಹೊಂದಿಸಿದರೂ ಬೆಳಗಿನ ಹೊತ್ತಿಗೆ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ.
– ಓದುಗರು, ತೀರ್ಥಹಳ್ಳಿ

ಉತ್ತರ: ಇಲ್ಲಿಯೂ ಎರಡು ಕ್ಲಾಕ್‌ಗಳದ್ದೇ ತಕರಾರು. ಹತ್ತು ಲಕ್ಷಕ್ಕೆ 20ರ ವ್ಯತ್ಯಾಸ ಗಂಟೆಗೆ 72 ಮಿಲಿಸೆಕೆಂಡ್ ಆಗುತ್ತದೆ, ಎಂಟು ಗಂಟೆಗೆ ಅರ್ಧ ಸೆಕೆಂಡ್ ದಾಟುತ್ತದೆ. ಟೈಮ್‌ಕೋಡ್ (ರೆಕಾರ್ಡಿಂಗ್‌ಗೆ ಹಚ್ಚುವ ಸಮಯದ ಗುರುತು) ಒಂದರಿಂದಲೇ ಇದು ನಿಲ್ಲದು. ಅದು ಆರಂಭವನ್ನು ಹೊಂದಿಸುತ್ತದೆ, ಸ್ಯಾಂಪಲ್‌ಗಳ ವೇಗವನ್ನಲ್ಲ. ಮೊದಲಲ್ಲೊಮ್ಮೆ, ಕೊನೆಯಲ್ಲೊಮ್ಮೆ ಕ್ಯಾಮೆರಾಕ್ಕೆ ಕಾಣುವಂತೆ ಚಪ್ಪಾಳೆ ತಟ್ಟಿ. ಎಡಿಟಿಂಗ್‌ನಲ್ಲಿ ಎರಡು ಚಪ್ಪಾಳೆಗಳ ನಡುವಿನ ಧ್ವನಿಯನ್ನು ಚಿತ್ರದ ಅಳತೆಗೆ ಹಿಗ್ಗಿಸಿ ಅಥವಾ ಕುಗ್ಗಿಸಿ. ನಡುವೆ ಯಾವುದಾದರೂ ಯಂತ್ರ ನಿಲ್ಲಿಸಿದ್ದರೆ ಪ್ರತಿ ತುಂಡಿಗೂ ಬೇರೆ ಚಪ್ಪಾಳೆ ಬೇಕು.

ವ್ಯತ್ಯಾಸ ಗಂಟೆಗೆ ನಿಮಿಷಗಟ್ಟಲೆ ಇದ್ದರೆ ಅದು ಬೇರೆಯೇ ತಪ್ಪು: 44.1ರ ಫೈಲನ್ನು 48 ಎಂದು ಓದಿಸಿದ್ದೀರಿ. ಆಗ ಒಂದು ಗಂಟೆ 55 ನಿಮಿಷ ಏಳೂವರೆ ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿಯೂ ಹಾರ್ಮೋನಿಯಂನ ಒಂದೂವರೆ ಮನೆಯಷ್ಟು ಏರುತ್ತದೆ. ಕಪ್ಪು ಒಂದರಲ್ಲಿ ಹಾಡಿದ ಭಾಗವತರು ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ ಎಲ್ಲೋ ಕೇಳಿಸುತ್ತಾರೆ! ಹಿಗ್ಗಿಸಲು ಹೋಗಬೇಡಿ, ಫೈಲನ್ನು ಅದರ ನಿಜವಾದ ರೇಟ್‌ನಲ್ಲಿ ತೆರೆದು, 48ಕ್ಕೆ ಪರಿವರ್ತಿಸಿ.

ಪ್ರಶ್ನೆ: 96 ಕಿಲೋಹರ್ಟ್ಸ್ ಇಟ್ಟರೆ ಗುಣಮಟ್ಟ ಹೆಚ್ಚುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಆಟದ ರೆಕಾರ್ಡಿಂಗ್‌ಗೆ ಬೇಡ. ಫೈಲ್ ಇಮ್ಮಡಿಯಾಗುತ್ತದೆ, ಎಡ್ಯಾಟ್‌ನ ಎಂಟು ಚಾನೆಲ್ ನಾಲ್ಕಕ್ಕೆ ಇಳಿಯುತ್ತದೆ. 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು, ಚೆಂಡೆಯ ಪೆಟ್ಟಿಗೂ ಮೀಟರ್ ಕೆಂಪಾಗದಷ್ಟು ಗೇನ್ ತಗ್ಗಿಸಿ. ಈ ಲೆಕ್ಕದಲ್ಲಿ ಒಂದು ಚಾನೆಲ್‌ಗೆ ಗಂಟೆಗೆ ಸುಮಾರು 520 ಎಂಬಿ ಜಾಗ ಬೇಕು.