ಕೇಳಿ ನೋಡಿ: ಪದ್ಯ ಇಂಗ್ಲಿಷ್‌ಗೆ ಹೋದರೆ ಏನಾಗುತ್ತದೆ?

ಮೇಷ್ಟ್ರೇ, ನಾನು ಬರೆದ ಪದ್ಯವನ್ನು ಗೆಳತಿ ಇಂಗ್ಲಿಷ್‌ಗೆ ಮಾಡಿಕೊಟ್ಟಳು. ಅರ್ಥ ಎಲ್ಲಾ ಬಂದಿದೆ, ಆದರೆ ಸಪ್ಪೆ. ಪದ್ಯ ಸರಿಯಿಲ್ಲವಾ, ಅವಳ ಇಂಗ್ಲಿಷ್ ಸರಿಯಿಲ್ಲವಾ?
— ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಎರಡೂ ಸರಿ ಇರಬಹುದಮ್ಮ, ಸುಮ್ನೆ ಗೆಳತಿ ಜೊತೆ ಜಗಳ ಆಡಬೇಡಿ. ಪದ್ಯ ಯಾವುದರ ಮೇಲೆ ನಿಂತಿದೆ ಅಂತ ಮೊದಲು ನೋಡಿ. ಕೆಲವು ಸದ್ದಿನ ಮೇಲೆ ನಿಂತಿರುತ್ತವೆ, ಕೆಲವು ಚಿತ್ರದ ಮೇಲೆ, ಕೆಲವು ಮಾತಿನ ವರಸೆಯ ಮೇಲೆ. ಚಿತ್ರ, ವರಸೆ ಹೇಗೋ ಇನ್ನೊಂದು ಭಾಷೆಗೆ ಹೋಗುತ್ತವೆ. ಸದ್ದು ಹೋಗುವುದಿಲ್ಲ.

ನಮ್ಮ ಕಡೆಯದೇ ಒಂದು ಪದ್ಯ ತೆಗೆದುಕೊಳ್ಳಿ. ಚಿತ್ರದುರ್ಗದ ಪಕ್ಕದ ತಮಟಕಲ್ಲಿನ ಶಾಸನದಲ್ಲಿ ಗುಣಮಧುರ ಎಂಬ ವೀರನ ಮೇಲೆ ನಾಲ್ಕು ಸಾಲಿನ ಪದ್ಯವಿದೆ. ಕನ್ನಡದಲ್ಲಿ ಸಿಕ್ಕಿರುವ ತೀರಾ ಹಳೆಯ ಪದ್ಯಗಳಲ್ಲಿ ಅದೂ ಒಂದು. ಸಾಲುಗಳು ಶುರುವಾಗುವುದು ಹೀಗೆ: ಬಿಣಮಣಿ, ರಣಮುಖ, ಪ್ರಣಯಿ, ಗುಣಮಧುರ. ಗಟ್ಟಿಯಾಗಿ ಓದಿ. ನಾಲ್ಕೂ ಕಡೆ ಎರಡನೇ ಅಕ್ಷರ 'ಣ'. ಇದೇ ಆದಿಪ್ರಾಸ, ಆಮೇಲೆ ಪಂಪ, ಕುಮಾರವ್ಯಾಸ ಎಲ್ಲರೂ ಪಾಲಿಸಿದ್ದು. ಈಗ ಇದನ್ನು ಇಂಗ್ಲಿಷ್‌ಗೆ ತನ್ನಿ. ಪ್ರೀತಿಸುವವರಿಗೆ ಮನ್ಮಥ, ಕನ್ನೈದಿಲೆಯ ಬಣ್ಣದವನು, ಇಷ್ಟು ಉಳಿಯುತ್ತದೆ. ಇಂಥ ಹೊಗಳಿಕೆ ಯಾವ ಭಾಷೆಯಲ್ಲಿಲ್ಲ ಹೇಳಿ? ಕಿವಿಗೆ ಹಿಡಿಸಿದ್ದು ಆ 'ಣ', ಅದು ಕಲ್ಲಿನಲ್ಲೇ ಉಳಿಯಿತು.

ವಚನದ ಕಥೆ ಬೇರೆ. ಅದರಲ್ಲಿ ಸಾಲಿಗೆ ಇಷ್ಟೇ ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ) ಅನ್ನುವ ಲೆಕ್ಕವಿಲ್ಲ, ಆದಿಪ್ರಾಸದ ಕಟ್ಟೂ ಇಲ್ಲ. ಎ.ಕೆ. ರಾಮಾನುಜನ್ 1973ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ತಂದಾಗ ಬಸವಣ್ಣ, ಅಕ್ಕಮಹಾದೇವಿ, ಅಲ್ಲಮ, ದಾಸಿಮಯ್ಯ ಇಂಗ್ಲಿಷ್ ಓದುಗರಿಗೂ ಎದುರಿಗೇ ಕೂತು ಮಾತಾಡಿದ ಹಾಗೆ ಕೇಳಿಸಿದರು. (ರಾಮಾನುಜನ್ ತಾವೇ ಕವಿ, ಅದನ್ನೂ ಮರೆಯಬೇಡಿ.) ಹಾಗಂತ ವಚನ ಹೆಚ್ಚು, ಮಾತ್ರೆ, ಪ್ರಾಸದ ಕಟ್ಟಿರುವ ಆರು ಸಾಲಿನ ಷಟ್ಪದಿ ಕಡಿಮೆ ಅಂತಲ್ಲ. ಚೆನ್ನಾಗಿ ಅನುವಾದ ಆಗುವುದೇ ಒಳ್ಳೆಯ ಪದ್ಯ ಅನ್ನುವವರು ಈಗ ಜಾಸ್ತಿ ಆಗಿದ್ದಾರೆ, ನಾನಂತೂ ಒಪ್ಪುವುದಿಲ್ಲ. ನಿಮ್ಮ ಪದ್ಯವನ್ನು ಕನ್ನಡದಲ್ಲೇ ನಾಲ್ಕು ಜನರಿಗೆ ಓದಿ ತೋರಿಸಿ.

ಅನುವಾದ ಆಗಿ ಬಂದ ಪದ್ಯ ಯಾವತ್ತಿದ್ದರೂ ಎರಡನೇ ದರ್ಜೆಯದೇ ಅಲ್ವಾ?
— ಓದುಗರು, ಹೊಸದುರ್ಗ

ಶಾಲೆಯಲ್ಲಿ 'ಕರುಣಾಳು ಬಾ ಬೆಳಕೆ' ಹಾಡಿದ್ದೀರಲ್ಲ? ಅದು 1833ರಲ್ಲಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ ಬರೆದದ್ದು, ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯ. ಇಂಗ್ಲಿಷ್ ಪದ್ಯ ಒತ್ತಿನ ಮೇಲೆ, ಅಂದರೆ ಪದದ ಯಾವ ಭಾಗವನ್ನು ಒತ್ತಿ ಹೇಳುತ್ತೇವೆ ಅನ್ನುವುದರ ಮೇಲೆ ನಡೆಯುತ್ತದೆ, ನಮ್ಮ ಕಿವಿಗೆ ಬೇಕಾದ್ದು ಮಾತ್ರೆ. ಬಿಎಂಶ್ರೀ ಆ ಒತ್ತನ್ನು ಇಲ್ಲಿಗೆ ಎಳೆದು ತರಲಿಲ್ಲ. ಬೆರಳು ಮಡಚಿ ಎಣಿಸಿ, ದೀರ್ಘಕ್ಕೆ ಎರಡು. ಕರುಣಾಳು, ಐದು ಮಾತ್ರೆ. ಬಾ ಬೆಳಕೆ, ಐದು. ಮುಸುಕಿದೀ, ಐದು. ಮಬ್ಬಿನಲಿ, ಒತ್ತಕ್ಷರದ ಹಿಂದಿನ 'ಮ' ಎರಡಾಗಿ ಮತ್ತೆ ಐದು. ಸಾವಿರ ವರ್ಷ ಬಿಡದ ಆದಿಪ್ರಾಸವನ್ನು ಮಾತ್ರ ಕೈಬಿಟ್ಟರು. ಆಮೇಲೆ ನವೋದಯದ ಕವಿಗಳು ಇದೇ ನಡಿಗೆಯಲ್ಲಿ ತಮ್ಮ ಪದ್ಯ ಬರೆದರು. ಇದು ಎರಡನೇ ದರ್ಜೆ ಆದರೆ ಅವರನ್ನೆಲ್ಲ ಎಲ್ಲಿ ಕೂರಿಸುತ್ತೀರಿ?

ಫೋನಿನಲ್ಲಿ ಅನುವಾದ ಮಾಡಿಸಿದ ಪದ್ಯವನ್ನು ಸ್ಪರ್ಧೆಗೆ ಕಳಿಸಬಹುದಾ?
— ಓದುಗರು, ಹರಿಹರ

ಅರ್ಥ ತಿಳಿದುಕೊಳ್ಳುವುದಕ್ಕೆ ಫೋನು ಸಾಕು. ಕೆಳಗೆ ನಿಮ್ಮ ಹೆಸರು ಹಾಕಬೇಡಿ.

ನಮ್ಮ ಅಜ್ಜಿಗೆ ಸೋಬಾನೆ ಪದ ತುಂಬಾ ಬರುತ್ತವೆ. ಇಂಗ್ಲಿಷ್‌ಗೆ ತರಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಚಳ್ಳಕೆರೆ

ನಿಮ್ಮ ತಾಲ್ಲೂಕಿನ ಸಿರಿಯಜ್ಜಿ ಸಾವಿರಾರು ಪದಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದವರು, ಗೊತ್ತಲ್ವಾ? ಯಾರೋ ಕೂತು ಕೇಳಿ ಬರೆದುಕೊಂಡಿದ್ದಕ್ಕೆ ಅವು ಪುಸ್ತಕಕ್ಕೆ ಬಂದವು. ಇಂಗ್ಲಿಷ್ ಆಮೇಲೆ ನೋಡೋಣ, ಮೊದಲು ರೆಕಾರ್ಡ್ ಮಾಡಿ. ಅಜ್ಜಿ ಒಬ್ಬರನ್ನೇ ಕೂರಿಸಬೇಡಿ, ಸೊಲ್ಲು (ಮತ್ತೆ ಮತ್ತೆ ಬರುವ ಪಲ್ಲವಿ) ಹಿಡಿಯುವ ಹೆಂಗಸರನ್ನೂ ಕರೆಯಿರಿ. ಯಾವ ಸಾಲು ಯಾರದು, ಮದುವೆಯ ಯಾವ ಶಾಸ್ತ್ರಕ್ಕೆ ಯಾವ ಪದ ಅಂತ ಬರೆದಿಡಿ. ಅನುವಾದ ಮಾಡುವಾಗ ಸೊಲ್ಲನ್ನು ಮಾತ್ರ ಕನ್ನಡದಲ್ಲೇ ಬಿಡಿ. ಅದಕ್ಕೆ ಇಂಗ್ಲಿಷ್ ಹುಡುಕುತ್ತಾ ಕೂತರೆ ಉಳಿದ ಸಾಲುಗಳ ಕೆಲಸ ಹಿಂದೆ ಬೀಳುತ್ತದೆ.